ಅಜ್ಜಿಯ ಒಡವೆ ಮುರಿಸಬೇಕೆ, ಬೇಡವೆ?

ಒಡವೆ ಮುರಿಸಿದರೆ ಮನೆಯ ಲಕ್ಷ್ಮಿ ಮುನಿಯುತ್ತಾಳೆ ಎನ್ನುವುದು ಹಿರಿಯರ ಮಾತು. ಮುರಿಸದೆ ಪೆಟ್ಟಿಗೆಯಲ್ಲಿಟ್ಟರೆ ತೊಡುವವರು ಯಾರು ಎನ್ನುವುದು ಈಗಿನ ಹುಡುಗಿಯರ ಮಾತು. ಇವೆರಡರ ನಡುವೆ ಸಿಕ್ಕಿ ಒದ್ದಾಡುವ ತಾಯಂದಿರು ಯಾವ ಊರಿನಲ್ಲಿ ಇಲ್ಲ ಹೇಳಿ! ಈ ವರ್ಷ ನಮ್ಮ ಮನೆಯಲ್ಲೂ ಅದೇ ಮಾತು ಎದ್ದಿತು. ಅದನ್ನು ಆಮೇಲೆ ಹೇಳುತ್ತೇನೆ. ಮೊದಲು ರಾಣಿಯರ ಮನೆಯ ಸಮಾಚಾರ ಕೇಳಿ. ಅಲ್ಲಿಯೂ ಇದೇ ಪ್ರಶ್ನೆ ಇತ್ತೆಂದು ತಿಳಿದು ನನಗೆ ಎಷ್ಟೋ ಧೈರ್ಯ ಬಂತು.

ಇಂಗ್ಲೆಂಡಿನ ರಾಜಮನೆತನದ ಹೆಂಗಸರು ಮದುವೆಗೆ, ಔತಣಕ್ಕೆ ತೊಡುವ ಅರ್ಧ ಕಿರೀಟಕ್ಕೆ ಟಿಯಾರಾ ಎನ್ನುತ್ತಾರೆ. ನಮ್ಮ ಮದುಮಗಳ ಹಣೆಗೆ ಬಾಸಿಂಗ ಕಟ್ಟುವುದಿಲ್ಲವೆ, ಅದನ್ನೇ ವಜ್ರದಲ್ಲಿ ಮಾಡಿ ಸ್ವಲ್ಪ ಮೇಲಕ್ಕೆ ಕೂರಿಸಿದಂತೆ ಎಂದುಕೊಳ್ಳಿ. ಇವು ತಲೆಮಾರಿನಿಂದ ತಲೆಮಾರಿಗೆ ಹಾಗೆ ಹಾಗೇ ಬಂದವು ಎಂದು ನಾನು ತಿಳಿದಿದ್ದೆ. ಓದಿ ನೋಡಿದರೆ ಅಲ್ಲಿ ಮುರಿಸದೆ ಉಳಿದ ಒಡವೆಯೇ ಕಡಿಮೆ!

1911ರ ದೆಹಲಿ ದರ್ಬಾರಿಗೆ ಬಂದಿದ್ದ ಮೇರಿ ರಾಣಿಗೆ ಈ ಕೆಲಸದಲ್ಲಿ ಎತ್ತಿದ ಕೈ. 1893ರಲ್ಲಿ ಅವಳ ಮದುವೆಗೆ ಆ ದೇಶದ ಹೆಣ್ಣುಮಕ್ಕಳು ಚಂದಾ ಎತ್ತಿ ಒಂದು ಟಿಯಾರಾ ಉಡುಗೊರೆ ಕೊಟ್ಟಿದ್ದರು. ಅದರ ತುದಿಯಲ್ಲಿ ಮುತ್ತುಗಳಿದ್ದವು. 1914ರಲ್ಲಿ ಅವಳು ಆ ಮುತ್ತು ಕೀಳಿಸಿ ವಜ್ರ ಕೂರಿಸಿದಳು. ಮುತ್ತುಗಳನ್ನೇನೂ ಎಸೆಯಲಿಲ್ಲ. ತನ್ನ ಅಜ್ಜಿಯ ಹತ್ತಿರ ಇದ್ದ ಮಾದರಿಯಲ್ಲೇ ಆಗ ಮಾಡಿಸುತ್ತಿದ್ದ ಇನ್ನೊಂದು ಟಿಯಾರಾಕ್ಕೆ ಹಾಕಿಸಿದಳು. ಮುಂದೆ ಡಯಾನಾ ತೊಟ್ಟದ್ದು ಇದನ್ನೇ. ಈಗ ಡಯಾನಾಳ ಹಿರಿಸೊಸೆ ತೊಡುತ್ತಾಳೆ. ಮೊದಲಿನ ಟಿಯಾರಾದ ಬುಡದ ಪಟ್ಟಿಯನ್ನೂ ಬಿಡಿಸಿದ್ದರು. ಅದು ಜೋಪಾನವಾಗಿ ಉಳಿದಿತ್ತು. 1947ರಲ್ಲಿ ಎರಡೂ ಮೊಮ್ಮಗಳು ಎಲಿಜಬೆತ್‌ಗೆ ಬಂದವು. 1969ರಲ್ಲಿ ಅವಳು ಎರಡನ್ನೂ ಮತ್ತೆ ಕೂಡಿಸಿದಳು. ಬಿಡಿಸಿದ ತುಂಡನ್ನು ಕಾಪಾಡಿದ್ದರಿಂದ ತಾನೆ ಅದು ಮತ್ತೆ ಸೇರಿದ್ದು?

ಇನ್ನೊಂದರ ಕತೆ ಕೇಳಿ. ಮದುವೆಯಲ್ಲಿ ವಿಕ್ಟೋರಿಯಾ ರಾಣಿ ಕೊಟ್ಟಿದ್ದ ವಜ್ರದ ಹಾರವನ್ನು ಮೇರಿ 1919ರಲ್ಲಿ ಬಿಚ್ಚಿಸಿ, ಜಾಲರಿಯಂಥ ಟಿಯಾರಾ ಮಾಡಿಸಿದಳು. 1947ರ ನವೆಂಬರ್ 20ರಂದು ಎಲಿಜಬೆತ್ ಮದುವೆಗೆ ಅದನ್ನೇ ತಾಯಿಯಿಂದ ಎರವಲು ಪಡೆದಳು. ಮುಹೂರ್ತದ ಬೆಳಗ್ಗೆಯೇ ಅದು ಪಟ್ಟನೆ ಮುರಿಯಬೇಕೆ! ನಮ್ಮಲ್ಲಾಗಿದ್ದರೆ ಅಪಶಕುನ ಎಂದು ಹೆಂಗಸರೆಲ್ಲ ಬಾಯಿಗೆ ಸೆರಗು ಇಟ್ಟುಕೊಳ್ಳುತ್ತಿದ್ದರು. ಅಲ್ಲಿ ಅಕ್ಕಸಾಲಿಗನನ್ನು ಪೊಲೀಸ್ ಬೆಂಗಾವಲಿನಲ್ಲಿ ಅಂಗಡಿಗೆ ಕಳಿಸಿ, ಬೆಸುಗೆ ಹಾಕಿಸಿ ತಂದು ಮುಡಿಸಿದರು. ಆ ದಾಂಪತ್ಯ 73 ವರ್ಷ ನಡೆಯಿತು. 2020ರಲ್ಲಿ ಮೊಮ್ಮಗಳೊಬ್ಬಳು ಅದನ್ನೇ ತೊಟ್ಟು ಮದುವೆಯಾದಳು.

ನಮ್ಮ ಕಡೆಗೆ ಸಂಬಂಧಪಟ್ಟದ್ದೂ ಒಂದಿದೆ. ಬೀದರ್, ಕಲಬುರಗಿ, ರಾಯಚೂರುಗಳನ್ನು 1948ರವರೆಗೂ ಆಳಿದ ಹೈದರಾಬಾದಿನ ನಿಜಾಮರು ಎಲಿಜಬೆತ್ ಮದುವೆಗೆ ಒಂದು ವಜ್ರದ ಹಾರ, ಒಂದು ಟಿಯಾರಾ ಕೊಟ್ಟಿದ್ದರು. 1973ರಲ್ಲಿ ರಾಣಿ ಆ ಟಿಯಾರಾ ಬಿಚ್ಚಿಸಿದಳು. ಬರ್ಮಾದವರು ಮದುವೆಗೆ 96 ಕೆಂಪು ಕೊಟ್ಟಿದ್ದರು. 96 ರೋಗಗಳಿಂದ ಕಾಪಾಡುತ್ತವೆ ಎಂಬುದು ಅವರ ನಂಬಿಕೆ. ನಿಜಾಮರ ವಜ್ರ, ಬರ್ಮಾದ ಕೆಂಪು ಸೇರಿ ಹೊಸ ಟಿಯಾರಾ ಆಯಿತು. ಹಳೆಯದರಲ್ಲಿದ್ದ ಮೂರು ಗುಲಾಬಿಗಳನ್ನು ಮಾತ್ರ ಕರಗಿಸಲಿಲ್ಲ. ಸೆರಗಿಗೆ ಸಿಕ್ಕಿಸುವ ಪಿನ್ನಿನ ಹಾಗೆ ಉಳಿಸಿಕೊಂಡಳು.

ನಮ್ಮ ಅರಸರ ರೀತಿಯೇ ಬೇರೆ. ಮೇಲುಕೋಟೆಯ ಚೆಲುವನಾರಾಯಣಸ್ವಾಮಿಗೆ ವೈರಮುಡಿ ಮೊದಲಿನಿಂದಲೂ ಇತ್ತು. ರಾಜ ಒಡೆಯರು ಅದನ್ನು ಮುಟ್ಟಲಿಲ್ಲ, ಬೇರೆಯಾಗಿ ರಾಜಮುಡಿ ಅರ್ಪಿಸಿದರು. ಮುಮ್ಮಡಿ ಕೃಷ್ಣರಾಜ ಒಡೆಯರು ಅವೆರಡನ್ನೂ ಮುಟ್ಟದೆ ಕೃಷ್ಣರಾಜಮುಡಿ ಕೊಟ್ಟರು. ವೈರಮುಡಿ ಇಂದಿಗೂ ವರ್ಷಕ್ಕೊಮ್ಮೆ ಮಂಡ್ಯದ ಖಜಾನೆಯಿಂದ ಕಾವಲಿನಲ್ಲಿ ಬಂದು, ಒಂದು ರಾತ್ರಿ ದೇವರ ಮುಡಿಯೇರಿ ಹಿಂದಿರುಗುತ್ತದೆ. ದೇವರ ಒಡವೆಗೆ ಅದೇ ಸರಿ. ಹಳೆಯದನ್ನು ಹಾಗೇ ಇಟ್ಟು ಹೊಸದು ಮಾಡಿಸುವ ಶಕ್ತಿ ಅರಸರಿಗಿತ್ತು. ನಮ್ಮಂಥವರಿಗೆ ಎಲ್ಲಿ ಬರಬೇಕು?

ಈಗ ನಮ್ಮ ಮನೆಯ ಮಾತು. ನನ್ನ ತವರು ಹೊಳಲ್ಕೆರೆ, ಅತ್ತೆ ಮನೆ ಹೊಸದುರ್ಗದ ಕಡೆ, ನಾವಿರುವುದು ಚಿತ್ರದುರ್ಗದಲ್ಲಿ. ಅತ್ತೆಯವರ ಹತ್ತಿರ ಅವರ ತವರಿನ ಜಡೆಬಿಲ್ಲೆ ಇದೆ. ನಡುವೆ ಕೆಂಪಿನ ಕಲ್ಲು, ಸುತ್ತ ಮುತ್ತಿನ ಅಂಚು. ಒಂಬತ್ತು ಬಿಲ್ಲೆ ಇದ್ದವು. 2003ರ ಬರದಲ್ಲಿ ತೆಂಗಿನ ಮರಗಳು ಕಣ್ಣೆದುರೇ ಒಣಗುತ್ತಿದ್ದಾಗ ಬೋರು ಕೊರೆಸಲು ಎರಡು ಬಿಲ್ಲೆ ಹೋದವು. ನೀರು ಬಿತ್ತು, ತೋಟ ಉಳಿಯಿತು. ಈಗ ಇರುವುದು ಏಳು.

ಮಗಳಿಗೆ ಹಿರಿಯೂರಿನ ಸಂಬಂಧ ಕುದುರಿದೆ. ಬೆಂಗಳೂರಿನಲ್ಲಿ ಕೆಲಸ, ಭುಜಕ್ಕೆ ಕತ್ತರಿಸಿದ ಕೂದಲು. "ಜಡೆಯೇ ಇಲ್ಲದವಳಿಗೆ ಜಡೆಬಿಲ್ಲೆ ಯಾಕಮ್ಮ? ಪದಕ, ಓಲೆ ಮಾಡಿಸು, ದಿನಾ ಹಾಕ್ಕೋತೀನಿ" ಅಂದಳು. ಚಿನ್ನದ ಬೆಲೆ ನೋಡಿ ಯಜಮಾನರೂ ಅವಳ ಪರವೇ. ಅತ್ತೆ ಮಾತ್ರ, "ನಾನು ಕಣ್ಣು ಮುಚ್ಚೋ ತನಕ ಅದನ್ನು ಮುರಿಸಬ್ಯಾಡ್ರಿ" ಅಂತ ಬೀಗದ ಕೈ ಸೆರಗಿಗೆ ಗಂಟು ಹಾಕಿಕೊಂಡರು. ಹದಿನೈದು ದಿನ ಅಜ್ಜಿ ಮೊಮ್ಮಗಳಿಗೆ ಸರಿಯಾಗಿ ಮಾತಿಲ್ಲ.

ಒಂದು ಮಧ್ಯಾಹ್ನ ಹುಣಸೆಹಣ್ಣು ಬಿಡಿಸುತ್ತ ಕೂತಾಗ ಈ ರಾಣಿಯರ ಕತೆಯನ್ನೆಲ್ಲ ಅವರಿಗೆ ಹೇಳಿದೆ. ಅತ್ತೆ ಸುಮ್ಮನೆ ಕೇಳಿ, "ಅಲ್ಲ ಕಣಮ್ಮ, ಅಷ್ಟು ಸಲ ಮುರಿಸಿದ ಮ್ಯಾಲೆ ಅದು ಯಾರದ್ದಂತ ಯಾರಿಗಾದ್ರೂ ನೆಪ್ಪಿರ್ತದಾ?" ಅಂದರು.

"ಇರುತ್ತೆ ಅತ್ತೆ. ಎಲಿಜಬೆತ್ ರಾಣಿ ಅದನ್ನ ಅಜ್ಜಿ ಟಿಯಾರಾ ಅಂತಾನೇ ಕರೀತಿದ್ದಳಂತೆ. ಯಾವ ಕಲ್ಲು ಎಲ್ಲಿಂದ ಬಂತು ಅನ್ನೋ ಲೆಕ್ಕ ಎಲ್ಲಾ ಇಟ್ಟಿದ್ದಾರೆ."

ಅವರ ಸಂಕಟ ಚಿನ್ನದ್ದಲ್ಲ ಎಂದು ನನಗೆ ಆಗ ತಿಳಿಯಿತು. ಆ ಬಿಲ್ಲೆ ಅವರ ತಾಯಿಯದು. ಅತ್ತೆಗೆ ಏಳು ವರ್ಷವಿದ್ದಾಗಲೇ ತೀರಿಕೊಂಡ ಆ ತಾಯಿಯ ಒಂದು ಫೋಟೋ ಕೂಡ ಇಲ್ಲ. ಬಿಲ್ಲೆ ಹೋದರೆ ಅವ್ವನೇ ಹೋದಂತೆ. ಮೂರು ದಿನ ಬಿಟ್ಟು ಅವರೇ ಗಂಟು ಬಿಚ್ಚಿದರು. "ಮೇಲಿನ ದೊಡ್ಡ ಬಿಲ್ಲೆ ಹಂಗೇ ಇರಲಿ, ಪದಕ ಆಗಲಿ. ಮಿಕ್ಕಿದ್ದು ನಿಮ್ಮಿಷ್ಟ. ನಮ್ಮವ್ವನ ಹೆಸರು ಬರೆದಿಡು" ಅಂದರು. ದೊಡ್ಡ ಬಿಲ್ಲೆಗೆ ಹಿಂದೆ ಎರಡು ಕೊಂಡಿ ಮಾತ್ರ ಬಿತ್ತು. ನಾಲ್ಕರಲ್ಲಿ ಓಲೆ, ಬಳೆ ಆದವು. ಎರಡನ್ನು ಹಾಗೇ ತೆಗೆದಿಟ್ಟಿದ್ದೇನೆ. ಹೆಣ್ಣುಮಕ್ಕಳ ಒಡವೆ ಆಪತ್ತಿಗೂ ಆಗಬೇಕಲ್ಲ!

ಸೋದರಿಯರೇ, ನೀವೂ ಮುರಿಸುವುದಾದರೆ ಇಷ್ಟು ನೆನಪಿಡಿ. ಮೊದಲು ಒಡವೆಯ ಹಿಂದೆ ಮುಂದೆ ಫೋಟೋ ತೆಗೆಯಿರಿ. ಕಲ್ಲು, ಮುತ್ತು ಎಣಿಸಿ ಚೀಟಿಯಲ್ಲಿ ಬರೆಸಿ. ಹಳೆಯ ಒಡವೆಯೊಳಗೆ ಅರಗು ತುಂಬಿರುವುದುಂಟು, ಆದ್ದರಿಂದ ಕಲ್ಲು, ಅರಗು ತೆಗೆದ ಮೇಲೆ ಎದುರಿಗೇ ಇನ್ನೊಮ್ಮೆ ತೂಗಿಸಿ. ಮುತ್ತು ಬೆಂಕಿ ತಾಳದು, ಬೆಸುಗೆಗೆ ಮುಂಚೆ ಬಿಡಿಸಲೇಬೇಕು. ಮಜೂರಿ, ವೇಸ್ಟೇಜು ಎಷ್ಟೆಂದು ಮೊದಲೇ ಕೇಳಿ ರಸೀದಿ ಪಡೆಯಿರಿ. ಒಂದು ತುಂಡನ್ನಾದರೂ ಕರಗಿಸದೆ ಹಾಗೇ ಉಳಿಸಿ. ಎಲ್ಲಕ್ಕಿಂತ ಮುಖ್ಯ, ಯಾರ ಒಡವೆ, ಎಲ್ಲಿಂದ ಬಂತು, ಏನಾಯಿತು ಎಂದು ಒಂದು ಹಾಳೆಯಲ್ಲಿ ಬರೆದು ಪೆಟ್ಟಿಗೆಯಲ್ಲೇ ಇಡಿ. ನಮ್ಮ ಹಾಳೆಯಲ್ಲಿ ಬೋರಿಗೆ ಹೋದ ಆ ಎರಡು ಬಿಲ್ಲೆಯ ಲೆಕ್ಕವೂ ಇದೆ.