ಮಾಳಿಗೆಯ ಮೇಲೆ ಹೊಗೆ ಚಿಕ್ಕಿ

ನಾರಾಯಣಗೂಡದಲ್ಲಿ ಬಾಡಿಗೆ ಮನೆ ಹುಡುಕುವವರು ನೀರು ಎಷ್ಟು ಹೊತ್ತು ಬರುತ್ತೆ, ಕಾಚಿಗೂಡ ಸ್ಟೇಷನ್ನು ಎಷ್ಟು ದೂರ, ಮಕ್ಕಳ ಶಾಲೆ ಎಲ್ಲಿ ಅಂತ ಕೇಳುತ್ತಾರೆ. ನಾನು ಇನ್ನೂ ಒಂದು ಕೇಳಿದ್ದೆ: ಮಾಳಿಗೆ ಬಾಗಿಲಿಗೆ ರಾತ್ರಿ ಬೀಗ ಹಾಕುತ್ತೀರಾ? ಮಾಲೀಕರು ನನ್ನನ್ನು ಮೇಲಿಂದ ಕೆಳಗೆ ನೋಡಿ, ಕುಡಿಯುವವರಿಗೆ ಮನೆ ಕೊಡುವುದಿಲ್ಲ ಎಂದು ತೆಲುಗಿನಲ್ಲಿ ಹೇಳಿದರು. ನಕ್ಷತ್ರಗಳ ಫೋಟೋ ತೆಗೆಯೋಕೆ ಅಂದೆ. ಅದನ್ನು ಅವರು ಇನ್ನೂ ಕೆಟ್ಟ ಚಟ ಅಂದುಕೊಂಡಿರಬೇಕು. ಆದರೂ ಒಂದು ಕೀಲಿಕೈ ಕೊಟ್ಟರು.

ನಮ್ಮ ಸೇಡಂ ಕಡೆಯವರಿಗೆ ಹೈದರಾಬಾದು ಪರಊರು ಹೌದೋ ಅಲ್ಲವೋ ಹೇಳುವುದು ಕಷ್ಟ. 1956ರ ತನಕ ನಾವು ಇದೇ ರಾಜ್ಯದಲ್ಲಿದ್ದೆವು. ನಮ್ಮಜ್ಜನ ಹೊಲದ ಕಾಗದಗಳು ಈಗಲೂ ಉರ್ದುವಿನಲ್ಲೇ ಇವೆ. ಕಾಚಿಗೂಡದಲ್ಲಿ ಕರ್ನಾಟಕ ಸಾಹಿತ್ಯ ಮಂದಿರ ಇದೆ, ನೃಪತುಂಗನ ಹೆಸರಿನ ಶಾಲೆ ಇದೆ. ನೃಪತುಂಗನ ಮಳಖೇಡ ನಮ್ಮ ತಾಲೂಕೇ ಅಲ್ಲವೆ! ನಾರಾಯಣಗೂಡದ ಪಾರ್ಕಿಗೂ ಮೇಲುಕೋಟೆಯ ಹೆಸರು. ಸ್ವಾತಂತ್ರ್ಯ ಹೋರಾಟಗಾರ ಡಾಕ್ಟರ್ ಮೇಲ್ಕೋಟೆಯವರದು. ಊಟ, ಭಾಷೆ, ಬಂಧುಬಳಗ ಯಾವುದಕ್ಕೂ ಕೊರತೆ ಅನ್ನಿಸಲಿಲ್ಲ. ಊರಲ್ಲಿದ್ದು ಇಲ್ಲಿ ಇಲ್ಲದ್ದು ಅಂದರೆ ಆಕಾಶ ಒಂದೇ.

ಈ ಮಾಳಿಗೆಯ ಮೇಲೆ ನಿಂತರೆ ಒಂದು ಕಡೆ ಫ್ಲೈಓವರ್, ಸುತ್ತ ನೀರಿನ ಟ್ಯಾಂಕುಗಳು, ಜಾಹೀರಾತಿನ ಬೋರ್ಡುಗಳು. ಮೊದಲು ಬೀದಿಗೆ ಹಳದಿ ಸೋಡಿಯಂ ದೀಪಗಳಿದ್ದವು, ಆಕಾಶ ಅರಿಶಿನ ಕಲಸಿದ ನೀರಿನಂತಿರುತ್ತಿತ್ತು. ಈಗ ಎಲ್‌ಇಡಿ ಬಂದು ಅದು ಸುಣ್ಣದ ನೀರಾಗಿದೆ. ಜನವರಿಯ ರಾತ್ರಿ ಹತ್ತರ ಸುಮಾರಿಗೆ ಒರಾಯನ್, ಅಂದರೆ ನಮ್ಮ ಮಹಾವ್ಯಾಧ, ನೆತ್ತಿಯಿಂದ ತುಸು ದಕ್ಷಿಣಕ್ಕೆ ಬರುತ್ತಾನೆ. ಅವನ ಸೊಂಟದ ಮೂರು ನಕ್ಷತ್ರಗಳು ಇಲ್ಲೂ ಕಾಣುತ್ತವೆ, ಪುಣ್ಯ. ಅವುಗಳ ಕೆಳಗೆ ಕತ್ತಿಯ ಹಾಗೆ ಜೋತುಬಿದ್ದ ಸಾಲಿನ ನಡುವೆ ಇರುವುದೇ ಒರಾಯನ್ ನೀಹಾರಿಕೆ, ಮೆಸ್ಸಿಯೆ ಪಟ್ಟಿಯ 42ನೆಯದು. ಸುಮಾರು 1,300 ಜ್ಯೋತಿರ್ವರ್ಷ ದೂರದ ಅನಿಲದ ಮೋಡ. ಅದರೊಳಗೆ ಈಗಲೂ ಹೊಸ ನಕ್ಷತ್ರಗಳು ಹುಟ್ಟುತ್ತಿವೆ. ಕತ್ತಲಿರುವ ಊರಲ್ಲಿ ಬರಿಗಣ್ಣಿಗೆ ಮಬ್ಬಾಗಿ ಕಾಣುವ ಇದು ನಾರಾಯಣಗೂಡದಲ್ಲಿ ಕಾಣುವುದಿಲ್ಲ.

ನನ್ನ ಹತ್ತಿರ ಟೆಲಿಸ್ಕೋಪ್ ಇಲ್ಲ. ಮಗಳ ಹುಟ್ಟುಹಬ್ಬಕ್ಕೆಂದು 2009ರಲ್ಲಿ ಕೊಂಡ ನಿಕಾನ್ ಡಿ60 ಕ್ಯಾಮೆರಾ, ಒಂದು ಐವತ್ತು ಮಿಲಿಮೀಟರ್ ಲೆನ್ಸು, ಒಂದು ಸ್ಟ್ಯಾಂಡು, ಅಷ್ಟೇ. ಆ ಕ್ಯಾಮೆರಾದಲ್ಲಿ ಪರದೆ ನೋಡಿಕೊಂಡು ಫೋಕಸ್ ಮಾಡುವ ಸೌಲಭ್ಯವೂ ಇಲ್ಲ. ಒಂದು ಚಿತ್ರ ತೆಗೆಯಬೇಕು, ದೊಡ್ಡದು ಮಾಡಿ ನೋಡಬೇಕು, ಲೆನ್ಸಿನ ಬಳೆಯನ್ನು ಕೂದಲೆಳೆಯಷ್ಟು ತಿರುಗಿಸಬೇಕು, ಮತ್ತೆ ತೆಗೆಯಬೇಕು. ನಕ್ಷತ್ರ ಸಾಸಿವೆ ಕಾಳಿನಷ್ಟು ಚಿಕ್ಕದಾಗುವ ತನಕ ಇದೇ ಕೆಲಸ. ಒಂದೊಂದು ಚಿತ್ರಕ್ಕೆ ನಾಲ್ಕೇ ಸೆಕೆಂಡು. ಹೆಚ್ಚು ಹೊತ್ತು ಬಿಟ್ಟರೆ ಭೂಮಿ ತಿರುಗುವುದು ಚಿತ್ರದಲ್ಲಿ ಗೊತ್ತಾಗಿ ಚುಕ್ಕೆ ಗೆರೆಯಾಗುತ್ತದೆ. ನಾಲ್ಕು ಸೆಕೆಂಡಿನ ಒಂದು ಚಿತ್ರದಲ್ಲಿ ಮಬ್ಬು ಬಣ್ಣ ಬಿಟ್ಟು ಹೆಚ್ಚೇನೂ ಇರುವುದಿಲ್ಲ. ಅಂಥ ನೂರು ಚಿತ್ರ ತೆಗೆದು, ಕಂಪ್ಯೂಟರಿನಲ್ಲಿ ನಕ್ಷತ್ರದ ಮೇಲೆ ನಕ್ಷತ್ರ ಕೂರುವಂತೆ ಒಂದರ ಮೇಲೊಂದು ಇಟ್ಟು ಕೂಡಿಸಬೇಕು. ಅದಕ್ಕೆ ಡೀಪ್ ಸ್ಕೈ ಸ್ಟ್ಯಾಕರ್ ಎಂಬ ಪುಕ್ಕಟೆ ತಂತ್ರಾಂಶವಿದೆ. ಕೂಡಿಸಿದಾಗ ನೀಹಾರಿಕೆಯ ಬೆಳಕು ನೂರು ಪಟ್ಟಾಗುತ್ತದೆ, ಚಿತ್ರದ ಕಾಳುಕಾಳು ಗದ್ದಲ ಹತ್ತೇ ಪಟ್ಟು. ಲೆಕ್ಕ ಇಷ್ಟೇ, ಉಳಿದದ್ದು ತಾಳ್ಮೆ. ಇನ್ನೊಂದು ತೊಡಕೂ ಇದೆ. ಹೈಡ್ರೋಜನ್ನಿನ ಕಡುಗೆಂಪು ಬೆಳಕನ್ನು ಮಾಮೂಲಿ ಕ್ಯಾಮೆರಾದೊಳಗಿನ ಫಿಲ್ಟರು ಬಹುಪಾಲು ತಡೆದುಬಿಡುತ್ತದೆ. ಮದುವೆ ಮನೆಯ ಮುಖಗಳು ಸರಿಯಾಗಿ ಬರಲಿ ಅಂತ ಮಾಡಿದ ಯಂತ್ರ ತಾನೆ! ಹಾಗಾಗಿ ಪಕ್ಕದಲ್ಲೇ ಇರುವ ಕುದುರೆತಲೆ ನೀಹಾರಿಕೆ ನನಗೆ ಒಮ್ಮೆಯೂ ಸಿಕ್ಕಿಲ್ಲ.

ಈ ನೀಹಾರಿಕೆಯ ಮೊದಲ ಫೋಟೋ ತೆಗೆದವನು ಅಮೆರಿಕದ ಹೆನ್ರಿ ಡ್ರೇಪರ್, 1880ರ ಸೆಪ್ಟೆಂಬರ್ 30ರಂದು. ಐವತ್ತೊಂದು ನಿಮಿಷ ಗಾಜಿನ ಫಲಕವನ್ನು ಬೆಳಕಿಗೆ ಒಡ್ಡಿದ್ದ. ಹೈದರಾಬಾದಿಗೂ ಆಕಾಶದ ಫೋಟೋ ಹೊಸದಲ್ಲ. 1901ರಲ್ಲಿ ನವಾಬ್ ಜಫರ್ ಜಂಗ್ ಆರಂಭಿಸಿದ ನಿಜಾಮಿಯಾ ವೀಕ್ಷಣಾಲಯ ಆಮೇಲೆ ಬೇಗಂಪೇಟೆಗೆ ಬಂತು. ಜಗತ್ತಿನ ವೀಕ್ಷಣಾಲಯಗಳೆಲ್ಲ ಆಕಾಶವನ್ನು ಹಂಚಿಕೊಂಡು ಫೋಟೋ ತೆಗೆದು ನಕ್ಷತ್ರಗಳ ಪಟ್ಟಿ ಮಾಡುತ್ತಿದ್ದ ಕಾಲ. ಚಿಲಿಯ ಸಾಂಟಿಯಾಗೋಗೆ ಕೊಟ್ಟಿದ್ದ ಪಾಲು ಹೈದರಾಬಾದಿಗೆ ಬಂತು. ಬೇಗಂಪೇಟೆಯ ಆಕಾಶ ಅಂಥ ಕೆಲಸಕ್ಕೆ ಒದಗುತ್ತಿತ್ತು ಅಂದರೆ ಇವತ್ತು ನಂಬುವುದು ಕಷ್ಟ. ಅಲ್ಲಿ ಕೆಲಸ ಮಾಡುತ್ತಿದ್ದವರಲ್ಲಿ ಕೇರಳದ ತಲಶ್ಶೇರಿ ಮೂಲದ ಬಪ್ಪು ಒಬ್ಬರು. ಅವರ ಮಗ ವೇಣು ಬಪ್ಪು ಇಲ್ಲಿನ ನಿಜಾಂ ಕಾಲೇಜಿನಲ್ಲಿ ಓದಿ, ಹೈದರಾಬಾದ್ ಸರ್ಕಾರದ ವಿದ್ಯಾರ್ಥಿವೇತನದಲ್ಲಿ ಹಾರ್ವರ್ಡಿಗೆ ಹೋಗಿ, 1949ರಲ್ಲಿ ಒಂದು ಧೂಮಕೇತು ಕಂಡುಹಿಡಿದು, ಕೊನೆಗೆ ನಮ್ಮ ಬೆಂಗಳೂರಿನ ಖಭೌತ ಸಂಸ್ಥೆಯನ್ನು ಕಟ್ಟಿದರು. ನಾವು ಅಲ್ಲಿಂದ ಇಲ್ಲಿಗೆ ಬಂದರೆ ಅವರು ಇಲ್ಲಿಂದ ಅಲ್ಲಿಗೆ.

2019ರ ಜನವರಿಯಲ್ಲಿ ಅವ್ವ ನಮ್ಮ ಜೊತೆ ಇದ್ದಳು. ಅಪ್ಪ ಹೋಗಿ ಎಂಟು ತಿಂಗಳಾಗಿತ್ತು. ಊರಿನ ಮನೆಯನ್ನು ಕಾಕಾನ ಮಗ ಕೊಳ್ಳುತ್ತೇನೆ ಅಂದಿದ್ದ, ರೇಟೂ ಆಗಿತ್ತು, ಅವ್ವನ ಸಹಿ ಒಂದೇ ಬಾಕಿ. ಅವಳು ಬೇಡ ಅನ್ನಲಿಲ್ಲ, ಹೂಂ ಅಂತಲೂ ಅನ್ನಲಿಲ್ಲ. ಆ ಎಂಟು ತಿಂಗಳಲ್ಲಿ ಅಪ್ಪನ ಮಾತನ್ನೂ ಎತ್ತಿರಲಿಲ್ಲ. ರಾತ್ರಿ ನಿದ್ದೆ ಬಾರದೆ ಕೋಣೆಯಿಂದ ಕೋಣೆಗೆ ಓಡಾಡುತ್ತಿದ್ದಳು. ಸಂಕ್ರಾಂತಿಯ ಗಾಳಿಪಟದ ಗಲಾಟೆ ಮುಗಿದು ಮಾಳಿಗೆಗಳು ಖಾಲಿಯಾದ ಮೇಲೆ ಒಂದು ರಾತ್ರಿ, ಬಾ ಅವ್ವ ಅಂತ ಮೇಲೆ ಕರೆದುಕೊಂಡು ಹೋದೆ. ಶಾಲು ಹೊದ್ದು ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕುಳಿತು ತಲೆ ಎತ್ತಿದಳು.

"ಈ ಊರಾಗ ಚಿಕ್ಕಿನೇ ಇಲ್ಲಲ್ಲೋ ಯಪ್ಪಾ."

"ಅವ ಅವ್ವ, ಬೆಳಕಿಗಿ ಕಾಣಂಗಿಲ್ಲ. ನಾ ಫೋಟೋ ಹೊಡೀತೀನಿ, ನೀ ಎಣಿಸ್ತಿ ಏನು? ನೂರು ಆಗಬೇಕು."

"ಅದೇನು ದೊಡ್ಡ ಮಾತು" ಅಂದಳು. ನಾನು ಬಟನ್ ಒತ್ತಿದೆ. ಕ್ಯಾಮೆರಾ ಕಣ್ಣು ಮುಚ್ಚಿದ ಸದ್ದಿಗೆ ಅವಳು "ಲಾಭ" ಅಂದಳು. ಆಮೇಲೆ ಎರಡು, ಮೂರು. ಕಣದಲ್ಲಿ ರಾಶಿ ಅಳೆಯುವಾಗ ಒಂದು ಅನ್ನುವ ಹಾಗಿಲ್ಲ, ಮೊದಲ ಸೇರಿಗೆ ಲಾಭ ಎನ್ನಬೇಕು. ಜೋಳ ಅಳೆದ ಹಾಗೆಯೇ ನನ್ನ ಚಿತ್ರಗಳನ್ನೂ ಅಳೆದಳು. ಕೆಳಗಿನ ಮನೆಯವರು ಬಟ್ಟೆ ತೆಗೆಯಲು ಬಂದು ಏನು ನಡೆಯುತ್ತಿದೆ ಅಂತ ನಿಂತರು. ಅವ್ವ ಕೈಸನ್ನೆಯಲ್ಲೇ ಅವರನ್ನು ಸುಮ್ಮನಿರಿಸಿದಳು, ಎಣಿಕೆ ತಪ್ಪಬಾರದಲ್ಲ!

ಕೂಡಿಸಿ ಮುಗಿಸುವಷ್ಟರಲ್ಲಿ ಹನ್ನೆರಡೂವರೆ. ಪರದೆಯ ಮೇಲೆ ಬೂದು ಬಣ್ಣದ ನಡುವೆ ಕಡಲೆಕಾಳಿನಷ್ಟು ಗುಲಾಬಿ ಮಬ್ಬು, ಒಂದು ಬದಿಗೆ ರೆಕ್ಕೆ ಚಾಚಿದ ಹಾಗೆ. ನಿಜ ಹೇಳಬೇಕೆಂದರೆ ಯಾರಿಗೂ ತೋರಿಸಿ ಮೆರೆಯುವಂಥದ್ದಲ್ಲ. ಅವ್ವ ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದಳು.

"ಇದು ಹೊಗಿ ಚಿಕ್ಕಿ ಅಲ್ಲೇನು? ನಿಮ್ಮಪ್ಪ ಹಂಗ ಅಂತಿದ್ರು. ಹಿಂಗಾರಿ ಜೋಳ ಕಾಯಲಿಕ್ಕ ಹೊಲದಾಗ ಅಟ್ಟದ ಮ್ಯಾಲ ಮಲಗತಿದ್ರಲ್ಲ, ಬುತ್ತಿ ಒಯ್ದರ ತೋರಸತಿದ್ರು. ಮೂರು ಚಿಕ್ಕಿ ಕೆಳಗ ಹೊಗಿ ಆಡಿದಂಗ ಕಾಣ್ತದ, ನಿನಗೂ ಕಾಣ್ತದೇನು ಅಂತ. ನನಗ ಕಾಣತಿತ್ತು."

ನಾಲ್ಕನೇ ತರಗತಿಗೆ ಶಾಲೆ ಬಿಟ್ಟ ಅಪ್ಪ ಆಕಾಶದ ವಿಷಯ ನನ್ನ ಹತ್ತಿರ ಒಂದು ದಿನವೂ ಮಾತಾಡಿದ್ದಿಲ್ಲ. ನನ್ನ ಹತ್ತಿರ ಅವರಿಗೆ ಇದ್ದ ಮಾತೆಲ್ಲ ಫೀಸಿನದು, ಆಮೇಲೆ ಸಾಲದ್ದು. ಅವ್ವ ಆ ರಾತ್ರಿ ಎರಡು ಗಂಟೆಯ ತನಕ ಅವರ ಮಾತು ಆಡಿದಳು. ಹಂದಿ ನುಗ್ಗಿದ ವರ್ಷ, ಬರ ಬಿದ್ದ ವರ್ಷ, ತೊಗರಿ ರೇಟು ಬಿದ್ದ ವರ್ಷ. ಬೆಳಗ್ಗೆ ಚಹಾ ಕುಡಿಯುತ್ತ, "ಮನಿ ಕೊಡೂದು ಬ್ಯಾಡ" ಅಂದಳು.

ಕಾಕಾನ ಮಗ ಆರು ತಿಂಗಳು ಮಾತು ಬಿಟ್ಟ. ಬಿಪಿ ಇರುವ ಹೆಂಗಸು ಒಬ್ಬಳೇ ಹೇಗಿರುತ್ತಾಳೆ ಅಂತ ನನ್ನ ಹೆಂಡತಿ ಕೇಳಿದ್ದು ಸರಿಯಾಗಿಯೇ ಇತ್ತು, ಉತ್ತರ ನನ್ನ ಹತ್ತಿರ ಈಗಲೂ ಇಲ್ಲ. ಯುಗಾದಿಗೆ ಮುಂಚೆ ಅವ್ವ ಊರಿಗೆ ಹೋದಳು. ಮಾಳಿಗೆ ಸೋರುತ್ತಿತ್ತು, ಅದನ್ನು ರಿಪೇರಿ ಮಾಡಿಸಿದೆ. ಪಕ್ಕದ ಮನೆಯ ಹುಡುಗಿ ರಾತ್ರಿ ಜೊತೆಗೆ ಮಲಗುತ್ತಾಳೆ.

ಮರುವರ್ಷದ ಜನವರಿಯಲ್ಲಿ ಅದೇ ಕ್ಯಾಮೆರಾ ಊರಿಗೆ ಒಯ್ದೆ. ಸಿಮೆಂಟ್ ಫ್ಯಾಕ್ಟರಿಯ ಬೆಳಕು ಒಂದು ದಿಕ್ಕನ್ನು ತಿಂದುಹಾಕಿದೆ, ಉಳಿದ ಮೂರು ಇನ್ನೂ ನಮ್ಮವು. ಇಪ್ಪತ್ತೇ ಚಿತ್ರಕ್ಕೆ ಎರಡೂ ರೆಕ್ಕೆ ಬಂದವು. ಅವ್ವ ಎಣಿಸುತ್ತಿದ್ದವಳು ನಿಲ್ಲಿಸಲೇ ಇಲ್ಲ, ನೂರರ ತನಕ ಹೊಡೆಸಿದಳು.

ಈಗ ವಾರಕ್ಕೆರಡು ಸಲ ಫೋನ್ ಬರುತ್ತದೆ. ಮೊನ್ನೆ ಏಪ್ರಿಲ್‌ನಲ್ಲಿ, "ಮೂರು ಚಿಕ್ಕಿ ಪಡುವಣಕ್ಕ ಇಳದಾವ, ಇನ್ನ ಮುಂದಿನ ಚಳಿಗಾಲಕ್ಕೇ. ನೀ ಅದಕ್ಕೂ ಮೊದಲ ಒಮ್ಮಿ ಬಾ, ಜೋಳ ಹಸನ ಮಾಡಿಟ್ಟೀನಿ, ಒಯ್ಯಿ" ಅಂದಳು.