ಬಂಡೆಯ ಬುಡದ ಊರಿನವ ಬಾದಾಮಿಗೆ ಬಂದಾಗ

ಅಬೆಯೊಕುಟಾ ಅಂದರೆ ಯೊರುಬಾ ಭಾಷೆಯಲ್ಲಿ ‘ಬಂಡೆಯ ಬುಡದಲ್ಲಿ’ ಅಂತ ಅರ್ಥ. ನೈಜೀರಿಯಾದ ಓಗುನ್ ರಾಜ್ಯದ ರಾಜಧಾನಿ ಅದು, ಗುಡ್ಡಗಳ ಊರು. ನಡುವೆ ಓಲುಮೊ ಅನ್ನೋ ದೊಡ್ಡ ಗ್ರಾನೈಟ್ ಬಂಡೆ. 1830ರ ಸುಮಾರಿಗೆ ಯುದ್ಧಗಳಿಂದ ದಿಕ್ಕಾಪಾಲಾದ ಎಗ್ಬಾ ಜನ ಆ ಬಂಡೆಯ ಆಸರೆಗೆ ಬಂದು ನೆಲೆ ನಿಂತು ಊರು ಕಟ್ಟಿದರು. 1986ರಲ್ಲಿ ನೊಬೆಲ್ ಪಡೆದ ವೋಲೆ ಶೋಯಿಂಕಾ 1934ರಲ್ಲಿ ಹುಟ್ಟಿದ್ದು ಅಲ್ಲೇ. ಇಷ್ಟೆಲ್ಲ ನಮಗೆ ಗೊತ್ತಾದದ್ದು ಆ ಊರಿನ ಗೆಳೆಯನಿಂದ. ನಮ್ಮ ಹಾಸ್ಟೆಲ್ಲಿನ ಮೂರನೇ ಮಹಡಿಯಲ್ಲಿ ಇರ್ತಾನೆ, ಎಂ.ಟೆಕ್ ಓದ್ತಾನೆ. ಸೆಮಿಸ್ಟರ್ ರಜೆ ಬಂತೆಂದರೆ ನಾವೆಲ್ಲ ಚೀಲ ಹೊತ್ತು ಊರಿಗೆ ಓಡ್ತೀವಿ, ಮೆಸ್ ಮುಚ್ಚುತ್ತದೆ, ಅವನೊಬ್ಬನೇ ಖಾಲಿ ಕಾರಿಡಾರಿನಲ್ಲಿ ಮ್ಯಾಗಿ ಬೇಯಿಸಿಕೊಂಡು ಉಳೀತಾನೆ. ಒಂದೂವರೆ ವರ್ಷದಲ್ಲಿ ಅವನು ಈ ದೇಶದ ಒಂದು ಮನೆಯ ಅಡಿಗೆಮನೆಯನ್ನೂ ನೋಡಿರಲಿಲ್ಲ.

ಈ ಸಲ ಜನವರಿಯಲ್ಲಿ ಕರ್ಕೊಂಡು ಹೊರಟೆವು. ನಮ್ಮೊಳಗಿನ ಒಬ್ಬನ ಊರು ನಿಡೋಣಿ, ಬಬಲೇಶ್ವರ ತಾಲೂಕು. ಮೊದಲು ಅಲ್ಲಿ, ಆಮೇಲೆ ಬಾದಾಮಿ ಅಂತ ಲೆಕ್ಕ.

ವಿಜಯಪುರದಿಂದ ಹೊರಟ ಬಸ್ಸು ತುಂಬಿತ್ತು. ಜನ ನಿಂತಿದ್ದರು, ಅವನ ಪಕ್ಕದ ಸೀಟು ಮಾತ್ರ ಖಾಲಿ. ಅವನು ಕಿಟಕಿ ಕಡೆ ನೋಡ್ತಾ ಕೂತಿದ್ದ. ಇದು ಅವನಿಗೆ ರೂಢಿ ಆಗಿದೆ ಅನ್ನೋದೇ ನಮಗೆ ಹೆಚ್ಚು ಚುಚ್ಚಿತು. ಮುಂದಿನ ಸ್ಟಾಪಿನಲ್ಲಿ ಬುಟ್ಟಿ ಹೊತ್ತು ಹತ್ತಿದ ಒಬ್ಬ ಮುದುಕಿ “ಆ ಕಡಿ ಸರಿಯಪ್ಪಾ” ಅಂದು ದಪ್ಪನೆ ಕೂತಳು. ಬುಟ್ಟಿ ಅವನ ತೊಡೆ ಮೇಲೆ. ಅವನು ಇಳಿಯೋತನಕ ಅದನ್ನು ಹಿಡ್ಕೊಂಡೇ ಇದ್ದ.

ನಿಡೋಣಿಯಲ್ಲಿ ಗುಡ್ಡ ಇಲ್ಲ ಅಂತ ಮೊದಲೇ ಹೇಳಿದ್ದೆವು. ಎರೆಭೂಮಿ, ಕಣ್ಣು ಹಾಯುವಷ್ಟು ದೂರ ಬಿಳಿಜೋಳ. ಅಂಗಳದಲ್ಲಿ ನಮ್ಮ ಗೆಳೆಯನ ಆಯಿ ಕೂತಿದ್ದರು. ಇವನು ಬ್ಯಾಗ್ ಕೆಳಗಿಟ್ಟವನೇ ನೆಲಕ್ಕೆ ಉದ್ದಕ್ಕೆ ಬಿದ್ದು ನಮಸ್ಕಾರ ಮಾಡಿದ. ಯೊರುಬಾ ಗಂಡಸರು ಹಿರಿಯರಿಗೆ ನಮಸ್ಕರಿಸೋದು ಹಾಗೇ, ಮೈಯೆಲ್ಲ ನೆಲಕ್ಕೆ ಚಾಚಿ. ಆಯಿ ಒಂದು ಕ್ಷಣ ಗಾಬರಿಯಾಗಿ, “ಏಳೊ ನನ್ನಪ್ಪಾ, ಅಂಗಿ ಹೊಲಸಾತು” ಅಂದರು. ನಂತರ ನಮ್ಮ ಕಡೆ ತಿರುಗಿ, “ನೀವು ಯಾರರೆ ಹಿಂಗ ಬಿದ್ದೀರೇನು ನನಗ?” ನಾವು ಚಪ್ಪಲಿ ಬಿಡೋದರಲ್ಲಿ ಭಾಳ ಬಿಜಿ ಇದ್ದೆವು.

ಹೊಲದಲ್ಲಿ ಸೀತನಿ ಸುಡ್ತಿದ್ದರು. ಎಳೆ ತೆನೆಯನ್ನು ಕೆಂಡದಲ್ಲಿ ಹುರಿದು, ಬಡಿದು, ಬಿಸಿಬಿಸಿ ಕಾಳನ್ನು ಮರದಲ್ಲಿ ಕೇರಿ, ಶೇಂಗಾ ಹಿಂಡಿ, ಮೊಸರಿನ ಜೊತೆ ಕೊಟ್ಟರು. ಅವನು ತೆನೆ ಕೈಗೆತ್ತಿಕೊಂಡು “ಓಕಾ ಬಾಬಾ” ಅಂದ. ಜೋಳಕ್ಕೆ ಯೊರುಬಾದಲ್ಲಿ ಇರೋ ಹೆಸರು ಅದು. ನಮ್ಮ ಮಂದಿಗೆ ಅಲ್ಲಿಂದ ವಾದ ಶುರುವಾಯಿತು, ಜೋಳ ಮೊದಲು ಯಾರದು ಅಂತ. ಮೊಬೈಲಿನಲ್ಲಿ ಹುಡುಕಿದರೆ, ಕಾಡುಜೋಳವನ್ನು ಜನ ಮೊದಲು ಸಾಕಿ ಬೆಳೆ ಮಾಡಿದ್ದು ಆಫ್ರಿಕಾದಲ್ಲಿ. ಇಂದಿನ ಪೂರ್ವ ಸುಡಾನಿನಲ್ಲಿ 5000 ವರ್ಷಗಳಷ್ಟು ಹಳೆಯ ಕುರುಹು ಸಿಕ್ಕಿದೆ. ಅಲ್ಲಿಂದ ಸಮುದ್ರ ದಾಟಿ ನಮ್ಮ ಕಡೆ ಬಂದದ್ದು. ನಮ್ಮ ರೊಟ್ಟಿ, ನಮ್ಮ ಮಣ್ಣು ಅಂತ ಹಾಸ್ಟೆಲ್ಲಿನಲ್ಲಿ ಎದೆ ತಟ್ಟಿಕೊಳ್ಳೋ ಪೈಕಿ ನಾವು. ಆಯಿಗೆ ಈ ವಿಷಯ ಹೇಳಿದರೆ ಅವರಿಗೇನೂ ಆಶ್ಚರ್ಯವಾಗಲಿಲ್ಲ. “ಹಂಗಾರ ಬೀಗರಾದ್ರಲ್ಲ. ಇನ್ನೊಂದ್ ಮುಷ್ಟಿ ಹಾಕ್ರಿ ಅವಗ.”

ವಿಜಯಪುರಕ್ಕೆ ಆಫ್ರಿಕಾದ ನಂಟು ಹೊಸದಲ್ಲ. ಮುಹಮ್ಮದ್ ಆದಿಲ್ ಶಾಹನ ಕಾಲದಲ್ಲಿ ಇಲ್ಲಿ ದೊಡ್ಡ ಅಧಿಕಾರ ನಡೆಸಿದ ಇಖ್ಲಾಸ್ ಖಾನ್ ಹಬಶಿ, ಅಂದರೆ ಇಥಿಯೋಪಿಯಾ ಕಡೆಯ ಮೂಲದವನು. ಇದನ್ನು ಹೆಮ್ಮೆಯಿಂದ ಹೇಳಿದಾಗ ಗೆಳೆಯ ನಕ್ಕ: “ಇಥಿಯೋಪಿಯಾ ನಮ್ಮಿಂದ ಸಾವಿರಾರು ಕಿಲೋಮೀಟರ್ ದೂರ. ನಿಮ್ಮನ್ನು ಯಾರಾದರೂ ಕಾಶ್ಮೀರದವರೇನು ಅಂತ ಕೇಳಿದರೆ ಹೇಗಿರುತ್ತೋ ಹಾಗೆ.”

ಮರುದಿನ ವಿಜಯಪುರದಿಂದ ರೈಲು. ಆಲಮಟ್ಟಿ ಬಿಟ್ಟು, ಕೃಷ್ಣೆ ದಾಟಿ, ಬಾಗಲಕೋಟೆ ಆದಮೇಲೆ ಬಯಲು ನಿಧಾನ ಎದ್ದು ಕೆಂಪಾಗುತ್ತದೆ. ಬಾದಾಮಿಯ ಎರಡು ಗುಡ್ಡ, ನಡುವೆ ಅಗಸ್ತ್ಯತೀರ್ಥ, ಬಂಡೆಗೆ ಬೆನ್ನು ಕೊಟ್ಟು ಕೂತ ಮನೆಗಳು. ಅವನು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, “ಇದೂ ಅಬೆಯೊಕುಟಾನೇ” ಅಂದ. ಸಿವಿಲ್ ಬ್ರಾಂಚಿನವನಿಗೆ ಸುಮ್ಮನಿರೋಕೆ ಆಗಲಿಲ್ಲ: ಅದು ಗ್ರಾನೈಟ್, ಇದು ಮರಳುಗಲ್ಲು, ಪದರ ಪದರ, ಅದಕ್ಕೇ ಉಳಿಗೆ ಬಗ್ಗಿ ಗುಹೆ ಆಯಿತು ಅಂತ. ಮಂಗಳೇಶನ ಮೂರನೇ ಗುಹೆಯಲ್ಲಿ ಶಕ 500ರ, ಅಂದರೆ 578ರ ಶಾಸನ ಇದೆ. ಅಲ್ಲಿನ ಕನ್ನಡ ಬರಹದಲ್ಲಿ ಗುಹೆಯನ್ನು ಕರೆದದ್ದು ‘ಕಲ್ಮನೆ’ ಅಂತ. ಈ ಪದವನ್ನು ನಾವು ಅವನಿಗೆ ಹೇಳಿಕೊಟ್ಟೆವು. ಎರಡು ಸಲ ತಪ್ಪಾಗಿ, ಮೂರನೇ ಸಲ ಸರಿಯಾಗಿ ಹೇಳಿದ. ಸಾವಿರದ ನಾನೂರು ವರ್ಷದ ಕನ್ನಡ ಪದ ಇವನ ಬಾಯಲ್ಲಿ ಚೆನ್ನಾಗಿಯೇ ಕೇಳಿಸಿತು.

ಆದರೆ ಅಲ್ಲಿ ಜನ ಹದಿನೆಂಟು ಕೈಯ ನಟರಾಜನಿಗಿಂತ ಇವನನ್ನೇ ಹೆಚ್ಚು ನೋಡ್ತಿದ್ದರು. ಕೇಳದೇ ಮೊಬೈಲ್ ಎತ್ತೋರು, ಹೆಗಲ ಮೇಲೆ ಕೈ ಹಾಕೋರು. ನಮ್ಮೊಳಗಿನವನೊಬ್ಬ ತಾಳ್ಮೆಗೆಟ್ಟು, “ಕೇಳಿ ತಗೀರಿ, ಅಂವಾ ಗೊಂಬಿ ಅಲ್ಲ” ಅಂದ. ಸ್ವಲ್ಪ ಮಾತಿಗೆ ಮಾತೂ ಆಯಿತು. ಗೆಳೆಯ ಮಾತ್ರ ತಣ್ಣಗೆ ಹೇಳಿದ: “ಹೆಸರು ಕೇಳಿದವರ ಜೊತೆ ನಿಲ್ತೀನಿ. ಕೇಳದವರ ಜೊತೆ ಇಲ್ಲ.” ಅವತ್ತು ಹೆಸರು ಕೇಳಿದ್ದು ಇಬ್ಬರೇ, ಇಬ್ಬರೂ ಶಾಲೆಯ ಹುಡುಗಿಯರು. ಉಳಿದ ಗಲಾಟೆಯನ್ನು ಕೋತಿಗಳು ಮುಗಿಸಿದವು, ನಮ್ಮ ಬಾಳೆಹಣ್ಣಿನ ಜೊತೆಗೆ.

ಬನಶಂಕರಿಯಲ್ಲಿ ಜಾತ್ರೆಯ ನಾಟಕ ಕಂಪನಿಗಳ ಬೋರ್ಡು ನೋಡಿ, ಬುಟ್ಟಿಯಲ್ಲಿ ರೊಟ್ಟಿ, ಝುಣಕ, ಕೆಂಪು ಚಟ್ನಿ ಮಾರೋ ಹೆಣ್ಣುಮಕ್ಕಳ ಹತ್ತಿರ ಉಂಡು ಗುಳೇದಗುಡ್ಡಕ್ಕೆ ಹೋದೆವು. ಅವನ ತಾಯಿಗೆ ಖಣ ಬೇಕಿತ್ತು.

ಅಂಗಡಿಗೆ ಹೋಗಿದ್ದರೆ ಹತ್ತು ನಿಮಿಷದ ಕೆಲಸ. ಪರಿಚಯದವರೊಬ್ಬರು ನೇಕಾರರ ಮನೆಗೇ ಕರ್ಕೊಂಡು ಹೋದರು. ಕುಣಿಮಗ್ಗ, ಅದರಲ್ಲಿ ಕಾಲಿಳಿಸಿ ಕೂತ ಅಜ್ಜ. ಗೆಳೆಯ ಬಾಗಿಲಲ್ಲೇ ನಿಂತು “ಎ ಕು ಇಶೆ” ಅಂದ. ಕೆಲಸದಲ್ಲಿ ಇರೋರಿಗೆ ಹೇಳೋ ನಮಸ್ಕಾರ ಅದು. ಯೊರುಬಾದಲ್ಲಿ ಕೂತವರಿಗೆ, ದಾರಿಯಲ್ಲಿ ಇರೋರಿಗೆ, ದುಡಿಯೋರಿಗೆ ಬೇರೆ ಬೇರೆ ನಮಸ್ಕಾರ ಉಂಟು. ಅರ್ಥ ತಿಳಿದಮೇಲೆ ಅಜ್ಜ ಲಾಳಿ ನಿಲ್ಲಿಸಿದರು. “ದುಡಿಯೋರಿಗೂ ಒಂದ್ ನಮಸ್ಕಾರ ಇಟ್ಟಾರಲ್ರಿ ಅವರು” ಅಂದರು.

ಮಗ್ಗದ ಮೇಲೆ ಡಾಬಿ. ಮರದ ಪಟ್ಟಿಗಳ ಸರಪಳಿ, ಪಟ್ಟಿಗಳಲ್ಲಿ ಗೂಟ. ಗೂಟ ಇದ್ದಲ್ಲಿ ಎಳೆ ಏಳುತ್ತದೆ, ಇಲ್ಲದಲ್ಲಿ ಇಲ್ಲ. ಒಂದು, ಸೊನ್ನೆ. ತೇರು, ಆನೆಹೆಜ್ಜೆ ಎಲ್ಲ ಹಾಗೇ ಹುಟ್ಟೋದು. 1804ರ ಜಕಾರ್ಡ್ ಮಗ್ಗದ ರಂಧ್ರ ಕೊರೆದ ಕಾರ್ಡಿನಿಂದ ಕಂಪ್ಯೂಟರಿನ ಕಾರ್ಡ್ ಬಂತು ಅಂತ ಮೊದಲ ಸೆಮ್‌ನಲ್ಲಿ ಓದಿದ್ದೆವು. ಅದರ ದಾಯಾದಿ ಇಲ್ಲಿ ಖಟ್ ಖಟ್ ಅಂತಿತ್ತು.

“ಕಲಿಯೋರು ಯಾರದಾರ್ರಿ?” ಅಂತ ಕೇಳಿದೆವು.

“ನನ್ನ ಮಗಾ ನಿಮ್ಮಂಗ ಇಂಜಿನಿಯರ್. ಬೆಂಗಳೂರಾಗ ಅದಾನ. ಚಲೋನ ಆತು ಬಿಡ್ರಿ. ಪಾವರ್‌ಲೂಮಿನ ಖಣ ಅರ್ಧಾ ರೇಟಿಗೆ ಸಿಗತದ, ಇದನ್ಯಾರ ಕೇಳ್ತಾರ?” ಸ್ವಲ್ಪ ತಡೆದು, “ನೀವು ಇಷ್ಟ ಮಂದಿ ಓದಿದವರು ಅದೀರಿ. ಇದರಾಗ ಏನರೆ ಮಾಡಾಕ ಬರತದೇನು?”

ನಮಗೆ ಉತ್ತರ ಇರಲಿಲ್ಲ. ಕಂಪ್ಯೂಟರ್ ಸೈನ್ಸಿನವನು ಅಜ್ಜನ ಒಪ್ಪಿಗೆ ಪಡೆದು ಪಟ್ಟಿಗಳ ಫೋಟೊ ಒಂದೊಂದಾಗಿ ತೆಗೆದ. ಈಗ ಅವನ್ನು ಎಕ್ಸೆಲ್‌ನಲ್ಲಿ ಚೌಕ ತುಂಬಿ ಕೂಡಿಸ್ತಿದ್ದೇವೆ. ಮಗ್ಗ ನಿಂತರೂ ವಿನ್ಯಾಸದ ಲೆಕ್ಕವಾದರೂ ಉಳಿಯಲಿ ಅಂತ. ಇದು ಅಜ್ಜ ಕೇಳಿದ ಪ್ರಶ್ನೆಗೆ ಉತ್ತರ ಅಲ್ಲ, ಗೊತ್ತು. ಅವರು ಕೇಳಿದ್ದು ಹೊಟ್ಟೆಪಾಡಿನ ಮಾತು.

ಗೆಳೆಯ ಅಷ್ಟರಲ್ಲಿ ತಾಯಿಗೆ ವಿಡಿಯೊ ಕಾಲ್ ಮಾಡಿದ್ದ. ಅವನ ಅಜ್ಜಿ ನೀಲಿ ಬಣ್ಣದಲ್ಲಿ ಅದ್ದಿ ಅದಿರೆ ಬಟ್ಟೆ ಮಾಡ್ತಿದ್ದವರು. ಅಬೆಯೊಕುಟಾದ ಇಟೊಕು ಸಂತೆ ಅದಕ್ಕೇ ಹೆಸರಾದದ್ದು. ಅಲ್ಲೂ ಈಗ ಹೊರಗಿನಿಂದ ಬರೋ ಅಚ್ಚಿನ ನಕಲಿ ಬಟ್ಟೆಯ ಹಾವಳಿ. ತಾಯಿ ಪರದೆಗೆ ಮುಖ ಹತ್ತಿರ ತಂದು ಖಣದ ಅಂಚು ನೋಡಿ ಏನೋ ಕೇಳಿದರು. ಬಣ್ಣ ಮನೆಯಲ್ಲೇ ಹಾಕ್ತಾರಾ ಅಂತ.

“ನಮ್ಮಪ್ಪನ ಕಾಲಕ್ಕ ನಾವ ಅದ್ದತಿದ್ವಿ. ಈಗ ತಂದ ನೂಲರಿ” ಅಂತ ಅಜ್ಜ ಫೋನಿಗೇ ಕನ್ನಡದಲ್ಲಿ ಹೇಳಿದರು. ಅವರು ಯೊರುಬಾದಲ್ಲಿ ಏನೋ ಅಂದರು. ಅನುವಾದ ಮಾಡೋಕೆ ಅವನು ಬಾಯಿ ತೆರೆಯೋದರೊಳಗೆ ಅಜ್ಜ ಬಟ್ಟೆಯನ್ನು ತಿರುವಿ ಹಿಂಭಾಗ ತೋರಿಸಿದ್ದರು. ಆ ಕಡೆಯಿಂದ ತಾಯಿ “ಆಹ್” ಅಂದರು.