ಎರಡು ಪರೀಕ್ಷಿ, ಒಂದ ಬಾಗಲಾ

ಮೊನ್ನೆ ರಾತ್ರಿ ಊಟ ಮುಗಿಸಿ ಒಲಿ ಒರಸಾಕತ್ತಿದ್ದೆ, ಅಮೆರಿಕಾದಿಂದ ನಮ್ಮಕ್ಕನ ಮಗಳ ಫೋನ್ ಬಂತು. ಅಲ್ಲಿ ಆಗ ಮುಂಜಾನೆ. ನೈಟ್ ಡ್ಯೂಟಿ ಮುಗಿಸಿ ಆಗಷ್ಟ ಬಂದಿದ್ಲು. "ಚಿಗವ್ವಾ, ಓದೂದು ಮುಗೀತು. ಯಾವ ಪರೀಕ್ಷಿಗೆ ಕೂಡಲಿ ಅನ್ನೂದ ತಿಳೀವಲ್ದು. ಅವ್ವನ ಮುಂದ ಹೇಳಿದ್ರ 38 ವಯಸ್ಸಿಗೆ ಇನ್ನೆಂಥಾ ಪರೀಕ್ಷಿ ಅಂತ ಬೈತಾಳ" ಅಂದ್ಲು.

ಹುಬ್ಬಳ್ಳಿಯೊಳಗ ನರ್ಸಿಂಗ್ ಕಲ್ತು ಹೋದಾಕಿ ಅಕಿ. ಅಲ್ಲಿ ಹತ್ತು ವರ್ಷ ದುಡದು, ಈಗ ಫ್ಯಾಮಿಲಿ ನರ್ಸ್ ಪ್ರ್ಯಾಕ್ಟಿಷನರ್ ಅಂತ ಮಾಸ್ಟರ್ಸ್ ಮುಗಿಸ್ಯಾಳ. ಅಂದ್ರ ಹಸುಗೂಸಿನಿಂದ ಹಿಡದು ಮುದುಕರ ತನಕ ಎಲ್ಲಾರನೂ ತಪಾಸ ಮಾಡಿ, ಔಷಧಿ ಬರದು ಕೊಡೂ ನರ್ಸ್. 1965ರಾಗ ಕೊಲೊರಾಡೊದೊಳಗ ಲೊರೆಟ್ಟಾ ಫೋರ್ಡ್ ಅನ್ನೂ ನರ್ಸಬಾಯಿ, ಹೆನ್ರಿ ಸಿಲ್ವರ್ ಅನ್ನೂ ಮಕ್ಕಳ ಡಾಕ್ಟರ್ ಕೂಡಿ ನರ್ಸ್ ಪ್ರ್ಯಾಕ್ಟಿಷನರ್ ಕಲಿಕೆ ಸುರು ಮಾಡಿದ್ರಂತ. ಬರೇ ಮಕ್ಕಳಿಗೆ, ಬರೇ ದೊಡ್ಡವರಿಗೆ ಅಂತ ಬ್ಯಾರೆ ದಾರೀನೂ ಅದಾವ. "ಕ್ಲಿನಿಕ್ಕಿಗೆ ಅಜ್ಜಿ, ಮೊಮ್ಮಗ ಕೂಡೇ ಬರ್ತಾರ. ಒಬ್ಬರನ್ನ ನೋಡಿ ಒಬ್ಬರನ್ನ ಹೆಂಗ ಕಳಸ್ಲಿ?" ಅಂತ ಅಕಿ ಇದನ್ನ ಹಿಡದ್ಲು.

ಇದಕ್ಕ ಪರೀಕ್ಷಿ ಎರಡು. ಒಂದು ಎಎನ್‌ಸಿಸಿ ಅನ್ನೂ ಸಂಸ್ಥೆದು, ಪಾಸಾದ್ರ ಹೆಸರಿನ ಮುಂದ ಎಫ್‌ಎನ್‌ಪಿ-ಬಿಸಿ ಅಂತ ಬರಕೋಬಹುದು. ಇನ್ನೊಂದು ಎಎಎನ್‌ಪಿಸಿಬಿದು, ಅದಕ್ಕ ಎಫ್‌ಎನ್‌ಪಿ-ಸಿ. ಎರಡನೇದ್ರಾಗ ಬಹಳ ಮಾಡಿ ರೋಗಿ ನೋಡೂ ಪ್ರಶ್ನೆನ. ಮೊದಲನೇದ್ರಾಗ ಅದರ ಜೋಡಿ ಸಂಶೋಧನೆ, ನೀತಿ-ನಿಯಮದ ಪ್ರಶ್ನೆನೂ ಬರ್ತಾವ. ಲೈಸೆನ್ಸಿಗೆ ಎರಡೂ ನಡೀತಾವ, ಎರಡನೂ 5 ವರ್ಷಕ್ಕೊಮ್ಮೆ ನವೀಕರಣ ಮಾಡಿಸಬೇಕು.

"ಮುಂದ ಕಾಲೇಜಿನ್ಯಾಗ ಕಲಸೂ ಆಸೆ ಐತೇನು?" ಅಂತ ಕೇಳಿದೆ.

"ಇಲ್ಲ ಚಿಗವ್ವಾ, ರೋಗಿ ನೋಡೂದ ನನಗ ಸೇರ್ತೈತಿ."

"ಹಂಗಾರ ಎರಡನೇದಕ್ಕ ಕೂಡವ್ವಾ."

ಸ್ವಲ್ಪ ಹೊತ್ತು ಸುಮ್ಮನಿದ್ಲು. "ಖರೇ ಹೇಳ್ಲೇನು? ಫೇಲಾದ್ರ ಹೆಂಗ ಅಂತ ಅಂಜಿಕಿ" ಅಂದ್ಲು.

ಆಗ ನಾ ಯಾರಿಗೂ ಹೇಳದ ಮಾತು ಹೇಳಿದೆ. ಪಿಯುಸಿ ಮುಗದ ಮ್ಯಾಲೆ ನಾನೂ ನರ್ಸಿಂಗ್ ಫಾರ್ಮ್ ತಂದಿದ್ದೆ. ಅಪ್ಪ "ಮಂದಿ ಹೇಲು-ಉಚ್ಚಿ ಬಳ್ಯಾಕ ಹೊಕ್ಕಿಯೇನು?" ಅಂತ ಹರದು ಒಲ್ಯಾಗ ಹಾಕಿದ್ರು. ಮುಂದ ಅತ್ತಿಯವರು ಹಾಸಿಗಿ ಹಿಡದಾಗ ಆರು ವರ್ಷ ಅದನ್ನ ಮಾಡೀನಿ, ಯಾವ ಸರ್ಟಿಫಿಕೇಟೂ ಇಲ್ಲದ. "ಫೇಲಾದ್ರ ತಿರುಗಿ ಕಟ್ಟಾಕ ಬರ್ತೈತಿ ಯವ್ವಾ. ನನಗ ಕೂಡಾಕ ಸೈತ ಬರಲಿಲ್ಲ" ಅಂದೆ. ಅತ್ತ ಕಡೆ ಮೂಗು ಒರಸೂ ಸಪ್ಪಳ ಕೇಳಿಸ್ತು.

ಮರುದಿನ ಮೆಸೇಜ್ ಬಂತು, ಪರೀಕ್ಷಿಗೆ ರೊಕ್ಕಾ ತುಂಬ್ಯಾಳಂತ. ಅಕ್ಕಾ, ನೀ ಇದನ್ನ ಓದಾಕತ್ತಿದ್ರ ಒಂದು ಫೋನ್ ಹಚ್ಚು ಅಕಿಗೆ. ಬೈಬ್ಯಾಡ.